ಚಳಿಗೆ ಸೆಲ್ಫ್ ಎತ್ತದ ಟ್ರ್ಯಾಕ್ಟರ್: ಸೇಫ್ಟಿ ಸ್ವಿಚ್ ಡೈರೆಕ್ಟ್ ಮಾಡಿಸಿದರೆ ಸರಿಹೋಗುತ್ತದಾ?

ಪ್ರಶ್ನೆ: ಸರ್, ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕು. ಏಳು ವರ್ಷ ಹಳೆಯ 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಈಗ ಕಬ್ಬಿನ ಸೀಜನ್, ಬೆಳಗ್ಗೆ ಐದೂವರೆಗೆ ಗಾಡಿ ಹೊರಡಬೇಕು. ಡಿಸೆಂಬರ್ ಚಳಿ ಶುರುವಾದಾಗಿನಿಂದ ಕ್ಲಚ್ ಒತ್ತಿ ಕೀ ತಿರುಗಿಸಿದರೆ ಏನೂ ಸದ್ದಿಲ್ಲ. ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಜೋರಾಗಿದೆ. ಬಿಸಿಲು ಬಿದ್ದು ಹತ್ತು ಗಂಟೆಯಾದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಬಂದು ಕ್ಲಚ್ ಪೆಡಲ್ ಹತ್ತಿರದ ಸೇಫ್ಟಿ ಸ್ವಿಚ್ಚಿನ ಎರಡು ವೈರ್ ಸೇರಿಸಿ, ಟೇಪ್ ಸುತ್ತಿ ಹೋದರು. ನಾಲ್ಕು ದಿನ ಸರಿ ಇತ್ತು, ಐದನೇ ದಿನ ಮತ್ತೆ ಅದೇ ಕಥೆ. ಈಗ ಡ್ರೈವರ್ ಕೆಳಗೆ ನಿಂತು ಸೆಲ್ಫ್ ಮೋಟಾರಿಗೆ ಸ್ಕ್ರೂಡ್ರೈವರ್ ಹಚ್ಚಿ ಸ್ಟಾರ್ಟ್ ಮಾಡುತ್ತಿದ್ದಾನೆ. ನಮ್ಮ ಕಾಕಾ, "ಹಳೇ ಗಾಡಿಗೆ ಈ ಸ್ವಿಚ್ ಎಲ್ಲಿತ್ತು, ತೆಗೆದು ಹಾಕು" ಅನ್ನುತ್ತಾರೆ. ಚಳಿಗೆ ಸ್ವಿಚ್ ಕೆಡುತ್ತದಾ? ಡೈರೆಕ್ಟ್ ಇಟ್ಟರೆ ಏನು ತೊಂದರೆ? ಹೊಸ ಬ್ಯಾಟರಿ ಹಾಕಿಸಬೇಕಾ?

ಉತ್ತರ: ಮಿಕ್ಕಿದ್ದನ್ನು ಓದುವ ಮೊದಲು ನಿಮ್ಮ ಡ್ರೈವರ್‌ಗೆ ಫೋನ್ ಮಾಡಿ, ನಾಳೆ ಬೆಳಗ್ಗೆ ಸ್ಕ್ರೂಡ್ರೈವರ್ ಹಚ್ಚಬೇಡ ಅಂತ ಹೇಳಿಬಿಡಿ. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ. ಒಂದೆರಡು ದಿನ ಗಾಡಿ ಹತ್ತು ಗಂಟೆಗೆ ಹೊರಟರೂ ಪರವಾಗಿಲ್ಲ. ಅಷ್ಟರಲ್ಲಿ ಈ ದೋಷ ಸಿಗುತ್ತದೆ, ಇದು ಸಿಗದಂಥ ದೋಷವೇನಲ್ಲ.

ನಿಮ್ಮ ಅವಸರ ನನಗೆ ಗೊತ್ತು. ಕಟಾವಿನವರು ಕಾಯುತ್ತಾರೆ, ಕಾರ್ಖಾನೆ ಮುಂದೆ ಸಾಲು ಬೆಳೆಯುತ್ತದೆ, ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಯಾರೋ ಎರಡು ವೈರ್ ಸೇರಿಸಿ ಗಾಡಿ ಸ್ಟಾರ್ಟ್ ಮಾಡಿಕೊಟ್ಟರೆ ದೇವರು ಬಂದ ಹಾಗೆ ಆಗುತ್ತದೆ. ಆದರೆ ನೀವು ಬರೆದ ವಿವರಗಳನ್ನೇ ಒಟ್ಟಿಗೆ ಇಟ್ಟು ನೋಡಿದರೆ, ನಿಮ್ಮ ಗಾಡಿಯಲ್ಲಿ ಕ್ಲಚ್ ಸ್ವಿಚ್ ಒಂದೇ ತಪ್ಪಿತಸ್ಥ ಆಗಿರಲಾರದು. ಕ್ಲಚ್ ಒತ್ತದೆ ಗಾಡಿ ಸ್ಟಾರ್ಟ್ ಆಗದಂತೆ ಕಾಯುವುದು ಆ ಸ್ವಿಚ್ಚಿನ ಕೆಲಸ. ಅದನ್ನು ತೆಗೆದು ಹಾಕಿದ್ದರಿಂದ ಕಾವಲು ಹೋಯಿತು, ಕಾಯಿಲೆ ಉಳಿಯಿತು.

ನಿಮ್ಮ ಪ್ರಶ್ನೆಯಲ್ಲೇ ಇರುವ ಮೂರು ಸುಳಿವು

ಕೀ ತಿರುಗಿಸಿದಾಗ ಗಾಡಿ ಮಾಡುವ ಸದ್ದನ್ನು ಕೇಳಿಯೇ ಅರ್ಧ ರಿಪೇರಿ ಮಾಡಬಹುದು. ಟಕಟಕಟಕ ಅಂತ ಬಡಿದುಕೊಂಡರೆ ಹೆಚ್ಚಾಗಿ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲ. ಒಂದೇ ಸಲ ದಪ್ಪಗೆ 'ಟಕ್' ಅಂದು ನಿಂತರೆ ಸೆಲ್ಫ್ ಮೋಟಾರ್, ಅದರ ದಪ್ಪ ಕೇಬಲ್ ಅಥವಾ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಸೇರಿಸುವ ಅರ್ಥ್ ಪಟ್ಟಿ ನೋಡಬೇಕು. ನಿಧಾನವಾಗಿ ನರಳುತ್ತಾ ತಿರುಗಿದರೆ ಬ್ಯಾಟರಿ ಮತ್ತು ಎಂಜಿನ್ ಆಯಿಲ್. ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಡೀಸೆಲ್ ಲೈನ್, ಅದರೊಳಗೆ ಸೇರಿದ ಗಾಳಿ, ಚಳಿಗೆ ಎಂಜಿನ್ನನ್ನು ಬಿಸಿ ಮಾಡಿಕೊಡುವ ಹೀಟರ್. ಈ ನಾಲ್ಕರಲ್ಲೂ ಸೇಫ್ಟಿ ಸ್ವಿಚ್ಚಿಗೆ ಕೈ ಹಾಕುವುದು ಬಹುಮಟ್ಟಿಗೆ ದಂಡ. ಸೇಫ್ಟಿ ಸ್ವಿಚ್ಚಿನ ದೋಷಕ್ಕೆ ಇರುವ ಗುರುತು ಒಂದೇ: ಪೂರ್ತಿ ಮೌನ. ನಿಮ್ಮ ಗಾಡಿಯಲ್ಲಿ ಇರುವುದು ಈ ಮೌನವೇ. ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿ. ಲೈಟ್ ಸ್ವಲ್ಪವೂ ಮಂಕಾಗದಿದ್ದರೆ ಸೆಲ್ಫ್ ಕಡೆಗೆ ಕರೆಂಟ್ ಹೋಗುತ್ತಲೇ ಇಲ್ಲ ಅಂತ ಅರ್ಥ.

ಎರಡನೇ ಸುಳಿವು ಆ ಸ್ಕ್ರೂಡ್ರೈವರ್. ಸೆಲ್ಫ್ ಮೋಟಾರಿನ ಮೇಲೆ ಕೂತಿರುವ ಸಣ್ಣ ಸಿಲಿಂಡರ್ ಇದೆಯಲ್ಲ, ಅದು ಸಾಲೆನಾಯ್ಡ್. ತೆಳ್ಳನೆಯ ವೈರಿನಲ್ಲಿ ಕರೆಂಟ್ ಬಂದಾಗ ಒಳಗೆ ಎಳೆದುಕೊಂಡು, ಮೋಟಾರಿಗೆ ಬ್ಯಾಟರಿಯ ಕರೆಂಟ್ ಹಾಯಿಸುವುದು ಅದರ ಕೆಲಸ. ಅದಕ್ಕೆ ಬ್ಯಾಟರಿಯಿಂದ ಬರುವ ದಪ್ಪ ಬೋಲ್ಟ್ ಒಂದಿದೆ, ಕೀಯಿಂದ ಬರುವ ತೆಳ್ಳನೆಯ ವೈರಿನ ಟರ್ಮಿನಲ್ ಒಂದಿದೆ. ನಿಮ್ಮ ಡ್ರೈವರ್ ಇವೆರಡನ್ನೂ ಸ್ಕ್ರೂಡ್ರೈವರ್‌ನಿಂದ ಮುಟ್ಟಿಸುತ್ತಾನೆ, ಅದೇ ಐದೂವರೆ ಚಳಿಯಲ್ಲಿ ಎಂಜಿನ್ ತಿರುಗುತ್ತದೆ. ಹಾಗಾದರೆ ಬ್ಯಾಟರಿ ಸಾಕಷ್ಟು ಚೆನ್ನಾಗಿದೆ, ದಪ್ಪ ಕೇಬಲ್ ಸರಿ ಇದೆ, ಅರ್ಥ್ ಸರಿ ಇದೆ, ಸಾಲೆನಾಯ್ಡ್ ಮತ್ತು ಮೋಟಾರ್ ಎರಡೂ ಸರಿ ಇವೆ. ಕೆಟ್ಟಿರುವುದು ಆ ತೆಳ್ಳನೆಯ ವೈರಿನ ದಾರಿ ಮಾತ್ರ.

ಆ ದಾರಿಯಲ್ಲಿ ಏನೇನಿದೆ? ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ಕೀ ಸ್ವಿಚ್, ಆಮೇಲೆ ಕ್ಲಚ್ ಪೆಡಲಿನ ಸ್ವಿಚ್, ಕೆಲವು ಮಾಡೆಲ್‌ಗಳಲ್ಲಿ ಗೇರ್ ಬಾಕ್ಸ್ ಮೇಲೆ ನ್ಯೂಟ್ರಲ್ ಸ್ವಿಚ್, ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಲಿವರಿಗೂ ಒಂದು. ಕೆಲವದರಲ್ಲಿ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ರಿಲೇ ಇರುತ್ತದೆ, ಕೆಲವದರಲ್ಲಿ ಇಲ್ಲ. ನಡುನಡುವೆ ವೈರ್ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್‌ಗಳು. ಎಲ್ಲವೂ ಒಂದರ ಹಿಂದೆ ಒಂದು, ಸರಪಳಿಯಾಗಿ. ನೀವು ಮಾಡೆಲ್ ಯಾವುದು ಅಂತ ಬರೆದಿಲ್ಲ, ಹಾಗಾಗಿ ನಿಮ್ಮದರಲ್ಲಿ ಯಾವ ಯಾವ ಸ್ವಿಚ್ ಇವೆ ಅನ್ನುವುದನ್ನು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಿ.

ಮೂರನೆಯದೇ ದೊಡ್ಡ ಸುಳಿವು. ಕ್ಲಚ್ ಸ್ವಿಚ್ ಡೈರೆಕ್ಟ್ ಮಾಡಿದ ಮೇಲೂ ಐದನೇ ದಿನ ಮೌನ ವಾಪಸ್ ಬಂತು. ಸ್ವಿಚ್ ಒಂದೇ ಕಾರಣವಾಗಿದ್ದರೆ ಅದು ಬರಬಾರದಿತ್ತು. ಅಂದರೆ ಸರಪಳಿಯಲ್ಲಿ ಇನ್ನೊಂದು ಕೊಂಡಿಯೂ ಹಾಳಾಗಿದೆ. ಅಥವಾ ಮೆಕ್ಯಾನಿಕ್ ಕೈಯಲ್ಲಿ ಹೊಸೆದು ಟೇಪ್ ಸುತ್ತಿದ ಆ ಜಾಯಿಂಟೇ ಈಗ ಹಾಳಾಗಿರಬಹುದು. ಫುಟ್‌ಬೋರ್ಡಿನ ಹತ್ತಿರ ರಾತ್ರಿಯಿಡೀ ಇಬ್ಬನಿ ಕುಡಿಯುವ ಜಾಗದಲ್ಲಿ, ಬೆಸುಗೆ ಇಲ್ಲದ ಬರಿ ತಾಮ್ರದ ಗಂಟು ಬೇಗ ಕಪ್ಪಾಗುತ್ತದೆ. ಚಳಿಗೆ ಟೇಪಿನ ಅಂಟೂ ಬಿಟ್ಟುಕೊಳ್ಳುತ್ತದೆ. ನಾನಾಗಿದ್ದರೆ ಮೊದಲು ಬಿಚ್ಚಿ ನೋಡುವುದು ಆ ಟೇಪನ್ನೇ.

ಚಳಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

"ಚಳಿಗೆ ಸ್ವಿಚ್ ಕೆಡುತ್ತದೆ" ಅನ್ನುವುದು ಎಲ್ಲ ಕಡೆ ಕೇಳುವ ಮಾತು. ನಿಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಪಾರ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು, ನಿಜ. ಆದರೆ ಇದೇ ಥರದ ಸ್ವಿಚ್‌ಗಳು ಹಿಮ ಬೀಳುವ ದೇಶಗಳಲ್ಲೂ ಕೆಲಸ ಮಾಡುತ್ತವೆ. ಎಂಟು ಡಿಗ್ರಿ ಒಳ್ಳೆಯ ಸ್ವಿಚ್ಚಿಗೆ ಲೆಕ್ಕಕ್ಕೇ ಇಲ್ಲ. ಮೊದಲೇ ಅರ್ಧ ಹಾಳಾದ ಸ್ವಿಚ್ಚನ್ನು, ಸಡಿಲ ಜಾಯಿಂಟನ್ನು ಚಳಿ ಬಯಲಿಗೆ ಎಳೆಯುತ್ತದೆ, ಅಷ್ಟೇ.

ಹೇಗೆ ಅಂದರೆ, ಬಯಲಲ್ಲಿ ನಿಂತ ಟ್ರ್ಯಾಕ್ಟರಿನ ಕಬ್ಬಿಣ ಬೆಳಗಿನ ಜಾವಕ್ಕೆ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಅದರ ಮೇಲೆ ಇಬ್ಬನಿ ಕೂರುತ್ತದೆ. ಕಪ್ಲರ್ ಒಳಗೂ, ರಬ್ಬರ್ ಬೂಟ್ ಹರಿದ ಸ್ವಿಚ್ಚಿನ ಒಳಗೂ ಅದೇ ತೇವ. ವರ್ಷಗಟ್ಟಲೆ ಹೀಗೆ ತೇವ ಕುಡಿದ ಪಿನ್‌ಗಳ ಮೇಲೆ ಹಸಿರು ಕಿಲುಬು ಬೆಳೆಯುತ್ತದೆ. ಇದರ ಮೇಲೆ ನಿಮ್ಮ ಕಡೆಯ ಎರೆ ಮಣ್ಣು. ಮಳೆಗಾಲದಲ್ಲಿ ಪೆಡಲ್ ಸಂದಿಯಲ್ಲಿ ಮೆತ್ತಿಕೊಂಡ ಎರೆ ಮಣ್ಣು ಒಣಗಿದರೆ ಕಲ್ಲು. ಅದಕ್ಕೆ ಹಳೇ ಗ್ರೀಸ್ ಸೇರಿದರೆ ಸ್ವಿಚ್ಚಿನ ಪ್ಲಂಜರ್, ಅಂದರೆ ಒಳಗೆ ಹೊರಗೆ ಓಡಾಡುವ ಆ ಸಣ್ಣ ಕಡ್ಡಿ, ಚಳಿಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಬಿಸಿಲಿಗೆ ಗ್ರೀಸ್ ಇಳಿದಾಗ ಸಲೀಸಾಗಿ ಓಡಾಡುತ್ತದೆ. ನಿಮ್ಮ ಹತ್ತು ಗಂಟೆಯ ಪವಾಡಕ್ಕೆ ಕಾರಣ ಇಂಥದ್ದೇ ಏನೋ ಒಂದು.

ಇದರ ಜೊತೆಗೆ ವೋಲ್ಟಿನ ಲೆಕ್ಕವೂ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ, ಇಡೀ ಸಮಸ್ಯೆಯ ಕೀಲಿ ಇಲ್ಲಿದೆ. ರಿಲೇ ಇಲ್ಲದ ಗಾಡಿಯಲ್ಲಿ ಸಾಲೆನಾಯ್ಡ್ ಎಳೆಯುವ ಆ ಕ್ಷಣಕ್ಕೆ 30 ಆಂಪಿಯರ್‌ನಷ್ಟು ಕರೆಂಟ್ ಬೇಕು, ಕೆಲವದಕ್ಕೆ ಇನ್ನೂ ಜಾಸ್ತಿ. ಅಷ್ಟೂ ಕರೆಂಟ್ ಕೀ ಸ್ವಿಚ್ ಮತ್ತು ಸೇಫ್ಟಿ ಸ್ವಿಚ್‌ಗಳ ಮೂಲಕವೇ ಹಾಯಬೇಕು. 30 ಆಂಪಿಯರ್ ಎಳೆಯುವ ಸಾಲೆನಾಯ್ಡಿನ ಕಾಯಿಲ್ ಅಂದರೆ ಸುಮಾರು 0.4 ಓಮ್ (ಓಮ್ ಅಂದರೆ ಕರೆಂಟಿಗೆ ಆಗುವ ಅಡ್ಡಿಯ ಅಳತೆ). ದಾರಿಯಲ್ಲಿ ಕಿಲುಬು ಹಿಡಿದ ಜಾಯಿಂಟ್‌ಗಳೆಲ್ಲ ಸೇರಿ ಬರೀ 0.2 ಓಮ್ ಅಡ್ಡಿ ಮಾಡಿದರೂ, 12.2 ವೋಲ್ಟ್ ಬ್ಯಾಟರಿಯಿಂದ ಸಾಲೆನಾಯ್ಡಿಗೆ ಸಿಗುವುದು 8 ವೋಲ್ಟ್ ಆಸುಪಾಸು. ಬಹಳಷ್ಟು ಸಾಲೆನಾಯ್ಡ್‌ಗಳು ಎಳೆಯುವುದು, ಎಳೆಯದಿರುವುದು ತೀರ್ಮಾನವಾಗುವುದು ಆ ಅಂಚಿನಲ್ಲೇ. ಬಿಸಿಲಲ್ಲಿ 8ಕ್ಕೆ ಎಳೆದದ್ದು, ಒಳಗಿನ ಗ್ರೀಸ್ ಗಟ್ಟಿಯಾದಾಗ ಎಳೆಯುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಕ್ಲಚ್ ಸ್ವಿಚ್ ತೆಗೆದಾಗ ಆ ಅಡ್ಡಿಯಲ್ಲಿ ಒಂದು ಪಾಲು ಕಡಿಮೆಯಾಗಿ ಗಾಡಿ ಅಂಚಿನಿಂದ ಈಚೆ ಬಂದಿರಬೇಕು. ಹೊಸ ಜಾಯಿಂಟ್ ಕಪ್ಪಾದ ಮೇಲೆ ಮತ್ತೆ ಅಂಚಿನ ಆಚೆಗೆ ಹೋಯಿತು. ನಾಲ್ಕು ದಿನದ ಲೆಕ್ಕ ಹೀಗೆ ಕೂಡುತ್ತದೆ.

ಹುಡುಕುವುದು ಹೇಗೆ

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ದೋಷವನ್ನು ಬೆಳಗ್ಗೆ ಐದೂವರೆಗೇ ಹುಡುಕಬೇಕು. ಮೆಕ್ಯಾನಿಕ್ ಹನ್ನೊಂದಕ್ಕೆ ಬಂದರೆ ಎಲ್ಲ ಸರಿ ಇರುತ್ತದೆ, ಅವರು ಅಂದಾಜಿನ ಮೇಲೆ ಏನನ್ನೋ ಬದಲಿಸುತ್ತಾರೆ, ನೀವು ದುಡ್ಡು ಕೊಡುತ್ತೀರಿ. ಅವರಿಗೆ ಅಷ್ಟು ಬೇಗ ಬರಲಾಗದಿದ್ದರೆ ಹಿಂದಿನ ಸಂಜೆಯೇ ಮೀಟರಿನ ವೈರ್‌ಗಳನ್ನು ಕ್ಲಿಪ್ ಹಾಕಿಸಿಕೊಂಡು ಇಟ್ಟಿರಿ. ಬೆಳಗ್ಗೆ ಕೀ ತಿರುಗಿಸುವಾಗ ಮೀಟರ್ ತೋರಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು.

ಶುರು ಮಾಡುವ ಮೊದಲು ಟ್ರೇಲರ್ ಬಿಚ್ಚಿ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಮುಖ್ಯ ಗೇರ್ ಮತ್ತು ಹೈ-ಲೋ, ಎರಡೂ ಗೇರ್ ಲಿವರ್ ನ್ಯೂಟ್ರಲ್, ಪಿಟಿಒ ಲಿವರ್ ಹಾಕಿರಬಾರದು. ಎಂಜಿನ್ ಹೊತ್ತಿಕೊಳ್ಳದ ಹಾಗೆ ಸ್ಟಾಪ್ ನಾಬ್ ಎಳೆದೇ ಇಡಿ. ಒಬ್ಬರು ಸೀಟಿನ ಮೇಲೆ ಕೂತು ಕ್ಲಚ್ ಒತ್ತಿ ಕೀ ತಿರುಗಿಸಲಿ. ಮೀಟರ್ ನೋಡುವವರು ಚಕ್ರದ ದಾರಿಯಿಂದ ಆಚೆ, ಪಕ್ಕಕ್ಕೆ ನಿಲ್ಲಬೇಕು. ಫ್ಯಾನ್ ಬೆಲ್ಟ್ ಹತ್ತಿರ ಶಾಲು, ಮಫ್ಲರ್ ಜೋತು ಬೀಳದಿರಲಿ. ಚಳಿಗಾಲದಲ್ಲಿ ಇದನ್ನು ನೆನಪಿಸಲೇಬೇಕು.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಮೊದಲು ಬ್ಯಾಟರಿ ಎರಡು ಟರ್ಮಿನಲ್ ನಡುವೆ ನೋಡಿ. ರಾತ್ರಿ ನಿಂತ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12 ಅಂದರೆ ಬಹುತೇಕ ಖಾಲಿ. ಆಮೇಲೆ ಮೀಟರಿನ ಕಪ್ಪು ವೈರ್ ಬ್ಯಾಟರಿಯ ಮೈನಸ್ಸಿಗೆ, ಕೆಂಪು ವೈರ್ ಸಾಲೆನಾಯ್ಡಿನ ಆ ತೆಳ್ಳನೆ ವೈರಿನ ಟರ್ಮಿನಲ್‌ಗೆ. ಟರ್ಮಿನಲ್‌ನ ವೈರ್ ಬಿಚ್ಚಬೇಡಿ, ಅದು ಇದ್ದ ಹಾಗೆಯೇ ಇರಲಿ. ಕೀ ತಿರುಗಿಸಿದಾಗ ಎಷ್ಟು ಬರುತ್ತದೆ? ಬ್ಯಾಟರಿಯ ವೋಲ್ಟಿಗೆ ಹತ್ತಿರ ಇದ್ದರೆ ದಾರಿ ಸರಿ ಇದೆ. 7, 8 ತೋರಿಸಿದರೆ ನಡುವೆ ಎಲ್ಲೋ ಸೋರಿಹೋಗುತ್ತಿದೆ. ಸೊನ್ನೆ ಅಂದರೆ ಎಲ್ಲೋ ಪೂರ್ತಿ ಕಡಿದಿದೆ, ಅಥವಾ ಯಾವುದೋ ಸ್ವಿಚ್ ಮುಚ್ಚಿಕೊಳ್ಳುತ್ತಿಲ್ಲ, ಅಂದರೆ ಅದರ ಒಳಗಿನ ಪಾಯಿಂಟ್ ಕೂಡಿ ಕರೆಂಟ್ ಹಾಯಲು ದಾರಿ ಕೊಡುತ್ತಿಲ್ಲ.

ಈಗ ಎಲ್ಲಿ ಅಂತ ಹಿಡಿಯಬೇಕು. ಮೀಟರಿನ ಎರಡು ವೈರನ್ನು ಒಂದೊಂದು ಸ್ವಿಚ್ಚಿನ ಎರಡು ಕಡೆಗೆ ಮುಟ್ಟಿಸಿ, ಕೀ ತಿರುಗಿಸಿ. ಒಳ್ಳೆಯ ಸ್ವಿಚ್ ಮುಚ್ಚಿಕೊಂಡಾಗ ಅದರ ಎರಡು ಬದಿಯ ನಡುವೆ 0.2 ವೋಲ್ಟಿಗಿಂತ ಜಾಸ್ತಿ ಇರಬಾರದು. ಒಂದು, ಎರಡು, ಮೂರು ವೋಲ್ಟ್ ತೋರಿಸಿದರೆ ಅಷ್ಟನ್ನೂ ಆ ಸ್ವಿಚ್ ತಾನೇ ನುಂಗುತ್ತಿದೆ. 12 ತೋರಿಸಿದರೆ ಅದು ಮುಚ್ಚಿಕೊಳ್ಳುತ್ತಲೇ ಇಲ್ಲ. ಕೀ ಸ್ವಿಚ್, ನ್ಯೂಟ್ರಲ್ ಸ್ವಿಚ್, ಟೇಪ್ ಸುತ್ತಿದ ಜಾಯಿಂಟ್, ಕಪ್ಲರ್‌ಗಳು, ಎಲ್ಲಕ್ಕೂ ಇದೇ ಪರೀಕ್ಷೆ. ಎಲ್ಲಿ ದೊಡ್ಡ ಸಂಖ್ಯೆ ಬರುತ್ತದೋ ಅಲ್ಲೇ ಕೆಲಸ.

ಇಲ್ಲಿ ಬಹಳ ಮಂದಿ ಮೆಕ್ಯಾನಿಕ್‌ಗಳು ಎಡವುತ್ತಾರೆ. ಸ್ವಿಚ್ ಬಿಚ್ಚಿ ಮೇಜಿನ ಮೇಲಿಟ್ಟು, ಮೀಟರನ್ನು ಬೀಪ್‌ಗೆ ಹಾಕಿ, ಬೀಪ್ ಬಂದರೆ "ಸ್ವಿಚ್ ಓಕೆ" ಅನ್ನುತ್ತಾರೆ. ಬೀಪ್ ಮಾಡಲು ಮೀಟರಿಗೆ ಚಿಟಿಕೆ ಕರೆಂಟ್ ಸಾಕು. 0.2 ಓಮ್ ಅಡ್ಡಿಯನ್ನು ಅಗ್ಗದ ಮೀಟರ್ ಗುರುತಿಸಲಾರದು, ಅದರ ಸ್ವಂತ ವೈರಿನ ಅಡ್ಡಿಯೇ ಅಷ್ಟಿರುತ್ತದೆ. ಲೋಡ್ ಇದ್ದಾಗ ಅಳೆದದ್ದೇ ನಿಜವಾದ ಅಳತೆ.

ಮೀಟರ್ ಇಲ್ಲದಿದ್ದರೆ ಒಂದೆರಡು ಕೈ ಪರೀಕ್ಷೆ ಇವೆ. ಕ್ಲಚ್ ಪೂರ್ತಿ ಒತ್ತಿಕೊಂಡು, ಕೀಯನ್ನು ಸ್ಟಾರ್ಟಿನಲ್ಲೇ ಹಿಡಿದು, ಹೈ-ಲೋ ಲಿವರನ್ನು ನ್ಯೂಟ್ರಲ್ ಒಳಗೇ ಸ್ವಲ್ಪ ಅಲ್ಲಾಡಿಸಿ. ಸೆಲ್ಫ್ ಎತ್ತಿತು ಅಂದರೆ ಅನುಮಾನ ನ್ಯೂಟ್ರಲ್ ಸ್ವಿಚ್ಚಿನ ಮೇಲೆ. ಕೀಯನ್ನೇ ಆಚೀಚೆ ಅಲುಗಿಸಿದಾಗ ಎತ್ತಿದರೆ ಕೀ ಸ್ವಿಚ್. ಏಳು ವರ್ಷದ ಗಾಡಿಯಲ್ಲಿ, ಅದೂ ರಿಲೇ ಇಲ್ಲದಿದ್ದರೆ, ಕೀ ಸ್ವಿಚ್ಚಿನ ಒಳಗಿನ ಪಾಯಿಂಟ್ ಸುಟ್ಟಿರುವುದು ತೀರಾ ಮಾಮೂಲಿ. ನಿಮ್ಮ ಗಾಡಿಯಲ್ಲಿ ಟೇಪಿನ ಜಾಯಿಂಟ್ ಆದಮೇಲೆ ನನ್ನ ಅನುಮಾನ ಅದರ ಮೇಲೆಯೇ.

ಸಿಕ್ಕ ಮೇಲೆ ಏನು ಮಾಡಬಹುದು

ಸುಲಭದ ಕೆಲಸ ಸ್ವಚ್ಛ ಮಾಡುವುದು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಪೆಡಲ್ ಸುತ್ತಲಿನ ಮಣ್ಣನ್ನು ಮರದ ಕಡ್ಡಿ, ಬ್ರಷ್ಷಿನಿಂದ ಕೆರೆದು ತೆಗೆಯಿರಿ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಷರ್ ನೀರನ್ನು ನೇರ ಸ್ವಿಚ್ಚಿಗೆ ಹೊಡೆಸಬೇಡಿ, ಒಳಗೆ ಹೋದ ನೀರು ಬೇಗ ಹೊರಗೆ ಬರುವುದಿಲ್ಲ. ಕಪ್ಲರ್ ಬಿಚ್ಚಿ ಪಿನ್ ನೋಡಿ. ಹಸಿರು ಕಾಣಿಸಿದರೆ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿಸಿ, ಸೇರಿಸಿ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್‌ನಿಂದ ತೊಳೆಯುವವರಿದ್ದಾರೆ. ರಬ್ಬರ್ ಊದಿಕೊಂಡು ಹಾಳಾಗುತ್ತದೆ, ಬೆಂಕಿಯ ಭಯ ಬೇರೆ. ಸ್ವಿಚ್ ಒಳಗೆ ಗ್ರೀಸ್ ತುಂಬುವುದಂತೂ ಬೇಡವೇ ಬೇಡ. ಬ್ಯಾಟರಿ ಟರ್ಮಿನಲ್‌ಗೆ, ಬಿಗಿ ಮಾಡಿದ ಮೇಲೆ, ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು.

ಸ್ವಿಚ್ ಚೆನ್ನಾಗಿಯೇ ಇದ್ದು ಪೆಡಲ್ ಅದನ್ನು ಸರಿಯಾಗಿ ಮುಟ್ಟದೆ ಇರುವುದೂ ಉಂಟು. ಕ್ಲಚ್ ಪ್ಲೇಟ್ ಸವೆದಂತೆ ಪೆಡಲಿನ ಫ್ರೀ ಪ್ಲೇ, ಅಂದರೆ ಕ್ಲಚ್ ಕೆಲಸ ಶುರು ಮಾಡುವ ಮೊದಲು ಪೆಡಲ್ ಸಲೀಸಾಗಿ ಇಳಿಯುವ ಅಂತರ, ಬದಲಾಗುತ್ತದೆ, ಲಿಂಕ್ ಅಡ್ಜಸ್ಟ್ ಮಾಡುತ್ತಾರೆ, ಆದರೆ ಸ್ವಿಚ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಮೊದಲು ಪುಸ್ತಕದಲ್ಲಿ ಹೇಳಿದಷ್ಟು ಫ್ರೀ ಪ್ಲೇ ಇಟ್ಟು, ಆಮೇಲೆ ಸ್ವಿಚ್ಚಿನ ನಟ್ ಸಡಿಲಿಸಿ ಹೊಂದಿಸಬೇಕು. ಪೆಡಲ್ ಪೂರ್ತಿ ಒತ್ತಿದಾಗ ಪ್ಲಂಜರ್ ಚೆನ್ನಾಗಿ ಚಲಿಸಬೇಕು, ಆದರೆ ತಳ ಮುಟ್ಟಿ ಸ್ವಿಚ್ಚಿನ ಮೈ ಮೇಲೆ ಒತ್ತಡ ಬೀಳಬಾರದು. ಹಾಗೆ ಬಿದ್ದರೆ ಹೊಸ ಸ್ವಿಚ್ಚೂ ಬೇಗ ಒಡೆಯುತ್ತದೆ.

ಮೂರನೆಯದು ರಿಲೇ. ನಿಮ್ಮ ಗಾಡಿಯಲ್ಲಿ ರಿಲೇ ಇಲ್ಲ ಅಂತಾದರೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಪರಿಹಾರ. ಸಾಲೆನಾಯ್ಡಿನ ಭಾರೀ ಕರೆಂಟನ್ನು ಬ್ಯಾಟರಿಯಿಂದ ನೇರ ರಿಲೇ ಕೊಡುತ್ತದೆ. ಕೀ ಮತ್ತು ಸೇಫ್ಟಿ ಸ್ವಿಚ್‌ಗಳ ಮೂಲಕ ರಿಲೇಯನ್ನು ಎಬ್ಬಿಸುವಷ್ಟು ಕರೆಂಟ್, ಅರ್ಧ ಆಂಪಿಯರ್‌ಗಿಂತ ಕಡಿಮೆ, ಹೋದರೆ ಸಾಕು. ಜಾಯಿಂಟಿನಲ್ಲಿ ಸ್ವಲ್ಪ ಅಡ್ಡಿ ಇದ್ದರೂ ವೋಲ್ಟ್ ಬೀಳುವುದಿಲ್ಲ, ಸ್ವಿಚ್ಚಿನ ಪಾಯಿಂಟೂ ಸುಡುವುದಿಲ್ಲ. ಇದರಲ್ಲಿ ಎಚ್ಚರ ಎರಡು. ಸಾಲೆನಾಯ್ಡ್ ಎಳೆಯುವ ಕರೆಂಟನ್ನು ತಡೆಯುವ ರಿಲೇ ಹಾಕಬೇಕು, ದಾರಿಯಲ್ಲಿ ಫ್ಯೂಸ್ ಇರಬೇಕು. ಕ್ಲಚ್, ನ್ಯೂಟ್ರಲ್ ಸ್ವಿಚ್‌ಗಳು ರಿಲೇಯ ದಾರಿಯಲ್ಲಿ ಉಳಿಯಲೇಬೇಕು. ಅವಸರದಲ್ಲಿ ಅವನ್ನು ಬಿಟ್ಟು ಕೀಯಿಂದ ನೇರ ರಿಲೇಗೆ ವೈರ್ ಎಳೆಯುವವರಿದ್ದಾರೆ. ಅದೂ ಡೈರೆಕ್ಟ್ ಮಾಡಿದ ಹಾಗೆಯೇ. ಗಾಡಿ ವಾರಂಟಿಯಲ್ಲಿರುವ ಓದುಗರು ಒಂದು ವೈರ್ ಕತ್ತರಿಸುವ ಮೊದಲೂ ಡೀಲರ್‌ನನ್ನು ಕೇಳಿ.

ಚಳಿಗಾಲದಲ್ಲಿ ಇನ್ನೂ ಕೆಲವು ಉಪಾಯ ಮಾಡುವುದನ್ನು ನೋಡುತ್ತೇನೆ. ಆಯಿಲ್ ಚೇಂಬರ್ ಕೆಳಗೆ ಬೆಂಕಿ ಹಾಕುವುದು, ಏರ್ ಕ್ಲೀನರ್ ಬಾಯಲ್ಲಿ ಬಟ್ಟೆ ಉರಿಸುವುದು, ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಇರುವ ಎಂಜಿನ್ನಿಗೆ ಈಥರ್ ಹೊಡೆದರೆ ಒಳಗೇ ಸಿಡಿಯುತ್ತದೆ. ಹೇಗೂ ನಿಮ್ಮ ದೋಷಕ್ಕೂ ಇವಕ್ಕೂ ಸಂಬಂಧವೇ ಇಲ್ಲ, ಸೆಲ್ಫ್ ಎತ್ತದ ಎಂಜಿನ್ನನ್ನು ಬಿಸಿ ಮಾಡಿ ಏನು ಪ್ರಯೋಜನ?

ಡೈರೆಕ್ಟ್ ಇಟ್ಟರೆ ಏನಾಗುತ್ತದೆ

ನಿಮ್ಮ ಕಾಕಾ ಹೇಳಿದ್ದರಲ್ಲಿ ಸುಳ್ಳಿಲ್ಲ. ಹಳೆಯ ಎಷ್ಟೋ ಗಾಡಿಗಳಲ್ಲಿ ಈ ಸ್ವಿಚ್ ಇರಲಿಲ್ಲ. ಆದರೆ ಆ ಗಾಡಿಯನ್ನು ಮನೆಯ ಒಬ್ಬರೇ ಓಡಿಸುತ್ತಿದ್ದರು. ಕೀ ಮುಟ್ಟುವ ಮೊದಲು ಗೇರ್ ಲಿವರ್ ಅಲ್ಲಾಡಿಸಿ ನೋಡುವುದು ಅವರ ಕೈಗೆ ಅಭ್ಯಾಸವಾಗಿತ್ತು. ಈಗ ಒಂದು ಸೀಜನ್ನಿನಲ್ಲಿ ಗಾಡಿ ಮೇಲೆ ಎಷ್ಟು ಡ್ರೈವರ್‌ಗಳು ಹತ್ತಿ ಇಳಿಯುತ್ತಾರೆ? ಹೊಸಬ ಬಂದಾಗ "ಈ ಗಾಡಿಗೆ ಸ್ವಿಚ್ ಡೈರೆಕ್ಟ್ ಇದೆ, ಹುಷಾರು" ಅಂತ ಯಾರು ಹೇಳುತ್ತಾರೆ?

ನಮ್ಮಲ್ಲಿ ಹ್ಯಾಂಡ್‌ಬ್ರೇಕ್ ನಂಬದೆ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸುವ ರೂಢಿ ಜಾಸ್ತಿ. ರಾತ್ರಿ ಒಬ್ಬ ಗೇರಿನಲ್ಲಿ ನಿಲ್ಲಿಸಿ ಹೋಗುತ್ತಾನೆ. ಬೆಳಗ್ಗೆ ಕತ್ತಲಲ್ಲಿ ಇನ್ನೊಬ್ಬ ಬಂದು ಕ್ಲಚ್ ಒತ್ತದೆ ಕೀ ತಿರುಗಿಸುತ್ತಾನೆ. ಸ್ವಿಚ್ ಇದ್ದರೆ ಗಾಡಿ ಸುಮ್ಮನಿರುತ್ತಿತ್ತು. ಡೈರೆಕ್ಟ್ ಇದ್ದರೆ ಮುಂದಕ್ಕೆ ನೆಗೆಯುತ್ತದೆ. ಲೋ ಗೇರಿನಲ್ಲಿ ಎಂಜಿನ್ ಹೊತ್ತಿಕೊಳ್ಳುವುದೂ ಬೇಡ, ಸೆಲ್ಫ್ ಮೋಟಾರ್ ಒಂದೇ ಇಡೀ ಗಾಡಿಯನ್ನು ಎಳೆದುಬಿಡುತ್ತದೆ. ಅಂಗಳದಲ್ಲಿ ನಿಂತ ಗಾಡಿ ಹತ್ತಿ ಆಡುವ ಮಕ್ಕಳು ಕೀ ತಿರುಗಿಸಿದರೂ ಇದೇ ಗತಿ. ಕಟಾವಿನ ಸೀಜನ್ನಿನಲ್ಲಿ ಗಾಡಿಯ ಮುಂದೆ, ಟ್ರೇಲರಿನ ಸಂದಿಯಲ್ಲಿ, ಬೆಳಗಿನ ಹೊತ್ತು ಯಾರಾದರೂ ಇದ್ದೇ ಇರುತ್ತಾರೆ ಅಲ್ವಾ?

ಸ್ಕ್ರೂಡ್ರೈವರ್ ಇದಕ್ಕಿಂತ ಕೆಟ್ಟದ್ದು. ಅದು ಕ್ಲಚ್, ನ್ಯೂಟ್ರಲ್, ಪಿಟಿಒ, ಎಲ್ಲ ಸ್ವಿಚ್ಚುಗಳನ್ನೂ ಒಟ್ಟಿಗೆ ದಾಟಿಬಿಡುತ್ತದೆ. ಡ್ರೈವರ್ ನಿಲ್ಲುವ ಜಾಗ ನೋಡಿ: ಮುಂದಿನ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ನಡುವೆ, ಬಗ್ಗಿಕೊಂಡು. ದೊಡ್ಡ ಚಕ್ರ ಅವನ ಬೆನ್ನಿಗೆ ಒಂದು ಕೈ ದೂರದಲ್ಲಿ. ಲಿವರ್ ಗೇರಿನಲ್ಲಿದ್ದರೆ ಎರಡು ಟನ್ ಹತ್ತಿರದ ಗಾಡಿ ಅವನ ಮೇಲೆಯೇ ಹತ್ತುತ್ತದೆ. ಸೀಟಿನ ಮೇಲೆ ಯಾರೂ ಇಲ್ಲ, ಬ್ರೇಕ್ ಒತ್ತುವವರಿಲ್ಲ. ಅಮೆರಿಕದಲ್ಲಿ ಈ ರೀತಿಯ ಸಾವುಗಳಿಗೆ 'ಬೈಪಾಸ್ ಸ್ಟಾರ್ಟ್' ಅಂತ ಹೆಸರೇ ಬಿದ್ದಿದೆ. ಅಲ್ಲಿನ ಕಂಪನಿಗಳು ಸೆಲ್ಫ್ ಮೋಟಾರಿನ ಟರ್ಮಿನಲ್‌ಗೆ ಮುಚ್ಚಳ ಹಾಕಿ, ಪಕ್ಕದಲ್ಲಿ "ಸೀಟಿನಿಂದ ಮಾತ್ರ ಸ್ಟಾರ್ಟ್ ಮಾಡಿ, ಗೇರಿನಲ್ಲಿ ಸ್ಟಾರ್ಟ್ ಮಾಡಿದರೆ ಸಾವು" ಅನ್ನುವ ಅರ್ಥದ ಸ್ಟಿಕ್ಕರ್ ಅಂಟಿಸುತ್ತವೆ. ಬ್ಯಾಟರಿ ಹತ್ತಿರವೇ ಇದ್ದರೆ ಕಿಡಿಯದೂ ಒಂದು ಭಯ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಗ್ಯಾಸಿಗೆ ಆ ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಬೀಳಬಹುದು.

ಮೆಕ್ಯಾನಿಕ್ ದೋಷ ಹುಡುಕುವಾಗ ಒಂದು ನಿಮಿಷಕ್ಕೆ ಎರಡು ವೈರ್ ಸೇರಿಸಿ ನೋಡುವುದು ಬೇರೆ ಮಾತು. ಗೇರ್ ನ್ಯೂಟ್ರಲ್ ಇದ್ದು, ಸೀಟಿನ ಮೇಲೆ ಒಬ್ಬರು ಕೂತು, ನೋಡಿದ ಕೂಡಲೇ ತೆಗೆದರೆ ಅದು ಪರೀಕ್ಷೆ. ಸುತ್ತಿ ಟೇಪ್ ಹಾಕಿ ಹೋದರೆ ಅದು ರಿಪೇರಿ ಅಲ್ಲ. ನಿಮ್ಮ ಗಾಡಿಯಲ್ಲಿ ಅದನ್ನು ಬಿಚ್ಚಿಸಿ, ಸ್ವಿಚ್ಚನ್ನು ವಾಪಸ್ ಸೇರಿಸಲೇಬೇಕು.

ಬ್ಯಾಟರಿ ಬದಲಿಸಬೇಕಾ?

ಸದ್ಯಕ್ಕೆ ಬೇಡ. ಚಳಿಗೆ ಎಂಜಿನ್ ತಿರುಗಿಸುತ್ತಿದೆ ಅಂದರೆ ಅದರಲ್ಲಿ ಜೀವ ಇದೆ. ಆದರೂ ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಬ್ಯಾಟರಿಯ ಆಂಪಿಯರ್-ಅವರ್ ಲೆಕ್ಕ ಹಾಕುವುದು 27 ಡಿಗ್ರಿ ಬಿಸಿಯಲ್ಲಿ. ಬೆಳಗಿನ ಎಂಟು, ಹತ್ತು ಡಿಗ್ರಿಗೆ ಅದು ಗಮನಕ್ಕೆ ಬರುವಷ್ಟು ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸುವ ಶ್ರಮ ಹೆಚ್ಚುತ್ತದೆ. ಸೆಲ್ಫ್ ತಿರುಗುವಾಗ ಬ್ಯಾಟರಿ ಟರ್ಮಿನಲ್ ಮೇಲೆ 9.6 ವೋಲ್ಟಿಗಿಂತ ಕೆಳಗೆ ಬೀಳುತ್ತಿದ್ದರೆ ಚಾರ್ಜ್ ಮಾಡಿಸಿ ಮತ್ತೊಮ್ಮೆ ನೋಡಿ. ಆಗಲೂ ಬಿದ್ದರೆ ಬದಲಿಸುವ ಹೊತ್ತು ಬಂದಿದೆ. ಡಿಸ್ಟಿಲ್ಡ್ ವಾಟರ್ ಮಟ್ಟ, ಟರ್ಮಿನಲ್ ಬಿಗಿ, ಅರ್ಥ್ ಪಟ್ಟಿಯ ಬೋಲ್ಟಿನ ಕೆಳಗಿನ ತುಕ್ಕು, ಈ ಮೂರನ್ನು ನೀವೇ ನೋಡಬಹುದು. ಗಾಡಿಯನ್ನು ರಾತ್ರಿ ಬಯಲಿಗಿಂತ ಶೆಡ್ಡಿನಲ್ಲಿ ನಿಲ್ಲಿಸಿದರೆ, ಅಥವಾ ಡ್ಯಾಶ್‌ಬೋರ್ಡ್ ಮತ್ತು ಪೆಡಲ್ ಮೇಲೆ ತಾಡಪತ್ರಿ ಹೊದಿಸಿದರೆ ಇಬ್ಬನಿಯ ಕಾಟ ಅರ್ಧ ಇಳಿಯುತ್ತದೆ.

ಹೊಸ ಸ್ವಿಚ್ ತರುವುದಾದರೆ

ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು, ಗಾಡಿಯ ಮಾಡೆಲ್ ಮತ್ತು ಚಾಸಿಸ್ ನಂಬರ್ ಬರೆದುಕೊಂಡು ಹೋಗಿ. ನೋಡಲು ಒಂದೇ ಥರ ಇದ್ದು ಒಳಗೆ ತದ್ವಿರುದ್ಧ ಕೆಲಸ ಮಾಡುವ ಸ್ವಿಚ್‌ಗಳಿವೆ. ಒಂದು, ಪ್ಲಂಜರ್ ಒತ್ತಿದಾಗ ಕರೆಂಟ್ ಹಾಯಿಸುತ್ತದೆ. ಇನ್ನೊಂದು, ಒತ್ತುವುದನ್ನು ಬಿಟ್ಟಾಗ ಹಾಯಿಸುತ್ತದೆ. ಅಂಗಡಿಯವರು "ಎಲ್ಲಾ ಒಂದೇ" ಅಂತ ಕೊಟ್ಟ ತಪ್ಪು ಸ್ವಿಚ್ ಹಾಕಿದರೆ ಕ್ಲಚ್ ಒತ್ತದಿದ್ದಾಗ ಸ್ಟಾರ್ಟ್ ಆಗುವ ಗಾಡಿ ನಿಮ್ಮದಾಗುತ್ತದೆ.

ಅದಕ್ಕೇ ಕೆಲಸ ಮುಗಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು ಅಂತ ಮೆಕ್ಯಾನಿಕ್‌ನನ್ನು ಕಳಿಸಿಬಿಡಬೇಡಿ. ಸ್ಟಾರ್ಟ್ ಆಗಬಾರದ ಹೊತ್ತಿಗೆ ಆಗುವುದಿಲ್ಲ ಅನ್ನುವುದನ್ನೂ ಅವರ ಮುಂದೆಯೇ ನೋಡಿ. ಮುಂದೆ ಹಿಂದೆ ಯಾರೂ ಇಲ್ಲದ ಜಾಗದಲ್ಲಿ, ಸ್ಟಾಪ್ ನಾಬ್ ಎಳೆದಿಟ್ಟು, ಸೀಟಿನ ಮೇಲೆ ಕೂತು ಮಾಡಿ. ಮೊದಲು ಗೇರ್ ನ್ಯೂಟ್ರಲ್, ಕಾಲು ಕ್ಲಚ್ಚಿನಿಂದ ತೆಗೆದು ಕೀ ತಿರುಗಿಸಿ: ಸೆಲ್ಫ್ ಎತ್ತಬಾರದು. ನ್ಯೂಟ್ರಲ್ ಸ್ವಿಚ್ಚೂ ಇರುವ ಗಾಡಿಯಾದರೆ, ಕ್ಲಚ್ ಪೂರ್ತಿ ಒತ್ತಿಕೊಂಡು ಗೇರ್ ಹಾಕಿ ಕೀ ತಿರುಗಿಸಿ: ಆಗಲೂ ಎತ್ತಬಾರದು. ಪಿಟಿಒ ಸ್ವಿಚ್ ಇದ್ದರೆ, ಮತ್ತೆ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ, ಪಿಟಿಒ ಲಿವರ್ ಹಾಕಿ ಇದೇ ಪರೀಕ್ಷೆ. ಕೊನೆಗೆ ಎಲ್ಲವನ್ನೂ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ತಿರುಗಿಸಿ: ಈಗ ಎತ್ತಬೇಕು. ಇಷ್ಟೂ ಸರಿ ಬಂದರೆ ಮಾರನೇ ದಿನ ಬೆಳಗ್ಗೆ ಐದೂವರೆಗೆ, ಇಬ್ಬನಿ ಆರುವ ಮೊದಲು, ಇನ್ನೊಮ್ಮೆ ಮಾಡಿ. ಆಗಲೂ ಮೌನವೇ ಇದ್ದರೆ ಮೀಟರ್ ಎಲ್ಲಿ ಎಷ್ಟು ತೋರಿಸಿತು ಅನ್ನುವುದನ್ನು ಗಾಡಿಯ ಮಾಡೆಲ್ ಜೊತೆ ಬರೆದು ಕಳಿಸಿ, ಮುಂದಿನದನ್ನು ಅಲ್ಲಿಂದ ನೋಡೋಣ.